ಬರೆಯುವ ಕೈಗೂ ವಯಸ್ಸಾಗುತ್ತದೆ

ಕಚೇರಿಗೆ ಹೋಗುವವರಿಗೆ ಸೊಂಟ ಹಿಡಿದುಕೊಂಡರೆ ರಜೆ ಚೀಟಿ ಬರೆದು ಮಲಗುವ ಅವಕಾಶವಿದೆ. ಆದರೆ ಮನೆಯ ಮೂಲೆಯಲ್ಲಿ ಮೇಜು ಹಾಕಿಕೊಂಡು ಅನುವಾದ, ಕರಡು ತಿದ್ದುವುದು, ಅಂಕಣ, ಜಾಹೀರಾತು ಬರಹ ಎಂದು ಲೇಖನಿಯನ್ನೇ ನಂಬಿ ಬದುಕುವ ನಿಮ್ಮ ಪಾಡೇನು? ಪುಟಕ್ಕೆ ಇಷ್ಟೆಂದು ಸಿಗುವ ಸಂಭಾವನೆ. ಬರೆಯದ ದಿನ ಬರಿಗೈ. ಹಾಗಾಗಿ ಅರವತ್ತು ದಾಟಿದರೂ ನೋವನ್ನು ಯಾರಿಗೂ ಹೇಳದೆ, ಒಂದು ಗುಳಿಗೆ ನುಂಗಿ ಮತ್ತೆ ಕುರ್ಚಿಗೆ ಮರಳುತ್ತೀರಿ. ‘ಕೂತು ಬರೆಯುವುದರಲ್ಲಿ ಎಂಥ ಆಯಾಸ?’ ಎಂದು ಮನೆಯವರಿಗೂ ಅನ್ನಿಸಬಹುದು. ಆಯಾಸ ಇದೆ. ಅದನ್ನು ಮುಚ್ಚಿಟ್ಟಷ್ಟೂ ಕೆಲಸಕ್ಕೂ ಕುತ್ತು, ದೇಹಕ್ಕೂ ಕುತ್ತು.

ನೋವು ಬರುವುದೆಲ್ಲಿಂದ?

ಬೆನ್ನುಮೂಳೆಯ ಮಣಿಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳಿಗೆ ನೇರವಾದ ರಕ್ತಪೂರೈಕೆ ತೀರ ಕಡಿಮೆ. ಅಕ್ಕಪಕ್ಕದಿಂದ ಒಸರಿ ಬರುವ ಪೋಷಕಾಂಶಗಳನ್ನೇ ಅವು ನೆಚ್ಚಿಕೊಂಡಿವೆ. ಮೈ ಅಲುಗಾಡಿದರೆ ಇದಕ್ಕೆ ನೆರವಾಗುತ್ತದೆ. ವಯಸ್ಸಾದಂತೆ ಡಿಸ್ಕ್‌ಗಳಲ್ಲಿ ನೀರಿನಂಶವೂ ಇಳಿಯುತ್ತದೆ. ಮೂವತ್ತರಲ್ಲಿ ನಾಲ್ಕು ಗಂಟೆ ಒಂದೇ ಸಮನೆ ಕುಳಿತರೂ ಸಹಿಸಿಕೊಳ್ಳುತ್ತಿದ್ದ ಬೆನ್ನು ಈಗ ಒಂದು ಗಂಟೆಗೇ ತಕರಾರು ತೆಗೆಯುವುದರಲ್ಲಿ ಆಶ್ಚರ್ಯವಿಲ್ಲ. ಸುಮಾರು 5 ಕಿಲೊ ತೂಗುವ ತಲೆ ಮುಂದಕ್ಕೆ ಬಾಗಿದಷ್ಟೂ ಕುತ್ತಿಗೆಯ ಸ್ನಾಯುಗಳ ಮೇಲೆ ಹೊರೆ ಹೆಚ್ಚುತ್ತದೆ.

ನಿಮ್ಮದು ಬೈಫೋಕಲ್ ಕನ್ನಡಕವೇ? ಓದುವ ಪವರ್ ಕೆಳಭಾಗದಲ್ಲಿರುವುದರಿಂದ ಕಂಪ್ಯೂಟರ್ ಪರದೆಯನ್ನು ನೋಡಲು ಗದ್ದವನ್ನು ಮೇಲೆತ್ತಬೇಕಾಗುತ್ತದೆ. ದಿನವಿಡೀ ಹೀಗೆ ಕುಳಿತು, ರಾತ್ರಿ ಕುತ್ತಿಗೆಗೆ ಎಣ್ಣೆ ತಿಕ್ಕುವವರಿಗೆ ನೋವಿನ ಕಾರಣ ಮೂಗಿನ ಮೇಲೆಯೇ ಕುಳಿತಿದೆ ಎಂಬುದು ಹೊಳೆಯುವುದಿಲ್ಲ. ಕಣ್ಣಿನಿಂದ ಪರದೆಗೆ ಎಷ್ಟು ದೂರ ಎಂಬುದನ್ನು ಅಳೆದು ಕಣ್ಣಿನ ವೈದ್ಯರಿಗೆ ತಿಳಿಸಿ. ಆ ದೂರಕ್ಕೆಂದೇ ಬೇರೆ ಕನ್ನಡಕ ಮಾಡಿಸಿಕೊಳ್ಳಬಹುದು.

ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು, ಎದ್ದು ಕೈ ಕೊಡವಿಕೊಳ್ಳುವಂತಾದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಇದಕ್ಕೆ ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ದೋಷ ಇರುವವರಲ್ಲಿ ಇದು ಹೆಚ್ಚು. ಆದ್ದರಿಂದ ರಕ್ತ ಪರೀಕ್ಷೆಯೂ ಬೇಕಾಗಬಹುದು. ಆರಂಭದಲ್ಲೇ ತೋರಿಸಿದರೆ ರಾತ್ರಿ ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದರಿಂದಲೇ ಅನೇಕರಿಗೆ ಆರಾಮ ಸಿಗುತ್ತದೆ. ತಡಮಾಡಿದರೆ ಹೆಬ್ಬೆರಳಿನ ಬುಡದ ಸ್ನಾಯು ಸೊರಗಿ ಪೆನ್ನು ಹಿಡಿಯುವುದೇ ಕಷ್ಟವಾದೀತು.

ಗುಳಿಗೆಯ ಸಾಲ

ನಾಳೆ ಬೆಳಿಗ್ಗೆ ಹಸ್ತಪ್ರತಿ ಕೊಡಬೇಕು, ಇವತ್ತು ಸೊಂಟ ಸಿಡಿಯುತ್ತಿದೆ. ಮೆಡಿಕಲ್ ಶಾಪಿನಿಂದ ಒಂದು ಗುಳಿಗೆ ತರಿಸುತ್ತೀರಿ. ಒಂದು ದಿನಕ್ಕಾದರೆ ಸರಿ, ಅದೇ ದಿನಚರಿಯಾಗಬಾರದು. ಡೈಕ್ಲೋಫೆನಾಕ್, ಐಬುಪ್ರೊಫೆನ್ ಮುಂತಾದವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು, ರಕ್ತದೊತ್ತಡ ಏರಿಸಬಲ್ಲವು, ಮೂತ್ರಪಿಂಡಕ್ಕೂ ಹಾನಿ ಮಾಡಬಲ್ಲವು. ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ಅವುಗಳ ಕಳೇಬರ ತಿಂದ ರಣಹದ್ದುಗಳ ಮೂತ್ರಪಿಂಡ ಕೆಡಿಸಿ, ಆ ಸಂತತಿಯನ್ನೇ ಅಳಿವಿನ ಅಂಚಿಗೆ ತಳ್ಳಿತು. 2006ರಲ್ಲಿ ಭಾರತದಲ್ಲಿ ಜಾನುವಾರುಗಳಿಗೆ ಅದರ ಬಳಕೆ ನಿಷೇಧವಾಯಿತು. ಮನುಷ್ಯರು ಅದಕ್ಕೆ ಹದ್ದಿನಷ್ಟು ಸೂಕ್ಷ್ಮರಲ್ಲ, ನಿಜ. ಆದರೆ ಇಳಿವಯಸ್ಸಿನವರು, ಬಿ.ಪಿ. ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆಯವರು ವೈದ್ಯರನ್ನು ಕೇಳದೆ ಇಂಥ ಗುಳಿಗೆಗಳನ್ನು ಮುಟ್ಟದಿರುವುದೇ ಕ್ಷೇಮ. ಬಿಸಿನೀರಿನ ಶಾಖ, ಫಿಸಿಯೋಥೆರಪಿಯವರು ಕಲಿಸುವ ವ್ಯಾಯಾಮ ನಿಧಾನವಾದರೂ ನಂಬಬಹುದಾದ ದಾರಿಗಳು.

ಕೆಲಸವನ್ನೇ ಬದಲಿಸಿಕೊಳ್ಳಿ

ಅರ್ಧ ಗಂಟೆಗೊಮ್ಮೆ ಏಳಿ. ಏಳುವುದು ಮರೆತುಹೋಗುವುದಾದರೆ ನೀರಿನ ಚೊಂಬನ್ನು ಅಡುಗೆಮನೆಯಲ್ಲೇ ಇಡಿ. ಫೋನಿನಲ್ಲಿ ಮಾತಾಡುವುದನ್ನು ಅಡ್ಡಾಡುತ್ತಲೇ ಮಾಡಿ. ಬರೆದದ್ದನ್ನು ಓದಿ ನೋಡುವ ಕೆಲಸ ನಿಂತೂ ಆಗುತ್ತದೆ. ವ್ಯಾಸರು ಹೇಳಿದರು, ಗಣಪತಿ ಬರೆದ ಎಂಬ ಕಥೆ ನಿಮಗೆ ಗೊತ್ತು. ಈಗ ಮೊಬೈಲೇ ನಿಮ್ಮ ಗಣಪತಿ. ಕನ್ನಡದಲ್ಲಿ ಹೇಳಿದರೆ ಅದೇ ಅಕ್ಷರ ಮೂಡಿಸುತ್ತದೆ. ತಪ್ಪುಗಳಿರುತ್ತವೆ, ಆದರೂ ಮೊದಲ ಕರಡಿನ ಮಟ್ಟಿಗೆ ಬೆರಳುಗಳಿಗೆ ಬಿಡುವು ಸಿಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಲೆಕ್ಕ ಸರಿಪಡಿಸಿಕೊಳ್ಳುವುದು. ದಿನಕ್ಕೆ 10 ಪುಟ ಓಡುತ್ತಿದ್ದ ಕಾಲದ ಲೆಕ್ಕ ಹಿಡಿದು ಇಂದು ಗಡುವು ಒಪ್ಪಿಕೊಳ್ಳಬೇಡಿ. ಎರಡು ವಾರ ನಿಜವಾಗಿ ಎಷ್ಟು ಪುಟ ಆಗುತ್ತದೆ ಎಂದು ಡೈರಿಯಲ್ಲಿ ಬರೆದಿಡಿ. ಆರು ಪುಟವಾದರೆ ಆರೇ ಎಂದು ಇಟ್ಟುಕೊಳ್ಳಿ. ಕಡೆಯ ರಾತ್ರಿ ಕ್ಷಮೆ ಕೇಳುವುದಕ್ಕಿಂತ, ಕೆಲಸ ಒಪ್ಪಿಕೊಳ್ಳುವಾಗಲೇ ನಾಲ್ಕು ದಿನ ಹೆಚ್ಚು ಕೇಳುವುದು ಗೌರವ. ಆದಾಯ ಸ್ವಲ್ಪ ಇಳಿದೀತು. ಆದರೆ ಮೂರು ತಿಂಗಳು ಹಾಸಿಗೆ ಹಿಡಿದರೆ ಆಗುವ ನಷ್ಟದ ಮುಂದೆ ಅದು ಏನೂ ಅಲ್ಲ. ಈ ಲೆಕ್ಕವನ್ನು ಮನೆಯವರ ಮುಂದೆಯೂ ಇಡಿ.

ಇವಕ್ಕೆ ಕಾಯಬೇಡಿ

ಕಾಲಿನಲ್ಲಿ ಬಲ ಕುಂದುವುದು, ಮಲಮೂತ್ರದ ಹಿಡಿತ ತಪ್ಪುವುದು, ಜ್ವರ ಅಥವಾ ತೂಕ ಇಳಿಕೆಯೊಂದಿಗೆ ಬರುವ ಬೆನ್ನುನೋವು ಇವು ತಕ್ಷಣ ವೈದ್ಯರಿಗೆ ತೋರಿಸಬೇಕಾದವು. ಎದೆ ಬಿಗಿತ, ಬೆವರು, ಏದುಸಿರಿನ ಜೊತೆ ತೋಳು ಅಥವಾ ದವಡೆ ನೋಯುತ್ತಿದ್ದರೆ ‘ಬರೆದು ಬರೆದು ಹೀಗಾಯಿತು’ ಎಂದು ಸುಮ್ಮನಿರಬೇಡಿ. ಅದು ಹೃದಯಾಘಾತವಿರಬಹುದು, ಕೂಡಲೇ 108ಕ್ಕೆ ಕರೆ ಮಾಡಿ.

ನಿಮಗೆ ರಜೆ ಮಂಜೂರು ಮಾಡುವ ಮೇಲಧಿಕಾರಿ ಇಲ್ಲ. ವಾರಕ್ಕೆ ಒಂದು ದಿನವನ್ನಾದರೂ ನೀವೇ ಮಂಜೂರು ಮಾಡಿಕೊಳ್ಳಿ.