ರಂಗೋಲಿ, ಬಳೆ, ರವಿಕೆ: ಕಂಪ್ಯೂಟರಿಗೆ ನಾವೂ ಹೇಳಿಕೊಡಬಹುದು

ಹತ್ತು ಜನಕ್ಕೆ ಬಿಸಿಬೇಳೆ ಭಾತ್ ಮಾಡಬೇಕು, ಎಷ್ಟು ಬೇಳೆ ನೆನೆಸಲಿ ಅಂತ ಯಾರಾದರೂ ಕೇಳಿದರೆ ನಾವು ಪುಸ್ತಕ ತೆಗೆಯುವುದಿಲ್ಲ. ನಾಲ್ಕು ಜನರ ಅಳತೆ ತಲೆಯಲ್ಲಿರುತ್ತೆ, ಅದನ್ನ ಎರಡೂವರೆ ಪಟ್ಟು ಮಾಡ್ತೀವಿ. ಅಕ್ಕಿ, ಬೇಳೆ, ತರಕಾರಿ ಲೆಕ್ಕಕ್ಕೆ ಸರಿಯಾಗಿ ಏರುತ್ತೆ. ಉಪ್ಪು ಹುಳಿಗೆ ಮಾತ್ರ ಸ್ವಲ್ಪ ಕೈ ಹಿಡೀತೀವಿ. “ಇಷ್ಟು ಜನರಾದರೆ ಇಷ್ಟು, ಇದನ್ನು ಮೀರಿದರೆ ಹೀಗೆ” ಅನ್ನುವ ಈ ತರಹದ ಕಟ್ಟಿಟ್ಟ ಲೆಕ್ಕಕ್ಕೇ ಕಂಪ್ಯೂಟರಿನವರು ಪ್ರೋಗ್ರಾಂ ಅನ್ನೋದು. ಹೆಸರು ದೊಡ್ಡದು, ಕೆಲಸ ನಮಗೆ ಗೊತ್ತಿರೋದೇ.

ನಮ್ಮೂರು ತಾಂಡವಪುರ, ಮೈಸೂರಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿದೆ. ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಇಂಜಿನಿಯರಿಂಗ್ ಕಾಲೇಜು. ಬೆನ್ನಿಗೆ ಚೀಲ ಹಾಕಿಕೊಂಡು ಕಾಲೇಜಿಗೆ ಹೋಗುವ ಮಕ್ಕಳು ಇದನ್ನೇ ಕಲೀತಾರೆ. “ನಮಗೆಲ್ಲಾ ಎಲ್ಲಿ ಬಂದೀತು, ಇಂಗ್ಲಿಷ್ ಬೇಕು, ಗಣಿತ ಬೇಕು” ಅಂತ ಹೆಂಗಸರು ದೂರ ನಿಲ್ತೀವಿ. ನಾನು ಓದಿರೋದು ಎಸ್.ಎಸ್.ಎಲ್.ಸಿ., ವಯಸ್ಸು ನಲವತ್ತು ದಾಟಿದೆ, ಮನೆಯಲ್ಲೊಂದು ಹೊಲಿಗೆ ಮೆಷಿನ್ನಿದೆ. ಮಧ್ಯಾಹ್ನದ ಬಿಡುವಿನಲ್ಲಿ ದಿನಕ್ಕೆ ಒಂದು ಗಂಟೆಯಂತೆ ಕೂತು ಕಲಿತದ್ದರಲ್ಲಿ, ಸೋದರಿಯರಿಗೆ ಉಪಯೋಗಕ್ಕೆ ಬರೋದನ್ನ ಇಲ್ಲಿ ಹೇಳ್ತೀನಿ.

ವೆಬ್ ಪುಟ ಅಂದರೆ ಏನು?

ಮೊಬೈಲಿನಲ್ಲಿ ನಾವು ತೆರೆಯುವ ವೆಬ್ ಪುಟದ ಹಿಂದೆ ಮೂರು ಬರಹಗಳಿರುತ್ತವೆ. ಮೊದಲನೆಯದು ಎಚ್‌ಟಿಎಂಎಲ್. ಇದು ಶೀರ್ಷಿಕೆ, ಇದು ಪ್ಯಾರಾ, ಇಲ್ಲೊಂದು ಚಿತ್ರ ಅಂತ ಗುರುತು ಹಾಕುವ ಬರಹ. ಸ್ವಿಟ್ಜರ್ಲೆಂಡಿನ ಸೆರ್ನ್ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರಲ್ಲಿ ವೆಬ್‌ನ ಯೋಜನೆ ಮುಂದಿಟ್ಟವರು. ಎರಡನೆಯದು ಸಿಎಸ್‌ಎಸ್, 1996ರಲ್ಲಿ ಬಂತು. ಬಣ್ಣ, ಅಂಚು, ಅಕ್ಷರದ ಗಾತ್ರ ಎಲ್ಲಾ ಇದರ ಪಾಲು. ಮೂರನೆಯದು ಜಾವಾಸ್ಕ್ರಿಪ್ಟ್. ಲೆಕ್ಕ ಮಾಡೋದು, ಗುಂಡಿ ಒತ್ತಿದರೆ ಉತ್ತರ ಕೊಡೋದು ಇದರ ಕೆಲಸ. ಬ್ರೆಂಡನ್ ಐಕ್ ಅನ್ನುವವರು 1995ರಲ್ಲಿ ಹತ್ತೇ ದಿನದಲ್ಲಿ ಇದರ ಮೊದಲ ರೂಪ ಬರೆದರಂತೆ.

ಸೀರೆಗೆ ಹೋಲಿಸಿದರೆ ಎಚ್‌ಟಿಎಂಎಲ್ ನೇಯ್ದ ಬಟ್ಟೆ, ಸಿಎಸ್‌ಎಸ್ ಬಣ್ಣ ಮತ್ತು ಜರಿ, ಜಾವಾಸ್ಕ್ರಿಪ್ಟ್ ಅಂದರೆ ಉಟ್ಟುಕೊಂಡು ಓಡಾಡೋದು.

ಇದಕ್ಕೆ ದುಡ್ಡು ಕೊಟ್ಟು ಏನನ್ನೂ ಕೊಳ್ಳಬೇಕಾಗಿಲ್ಲ. ಕಂಪ್ಯೂಟರಿನಲ್ಲಿ ಬರೆಯೋದಕ್ಕೆ ನೋಟ್‌ಪ್ಯಾಡ್ ಇದ್ದೇ ಇರುತ್ತೆ, ನೋಡೋದಕ್ಕೆ ಬ್ರೌಸರ್ ಇದ್ದೇ ಇರುತ್ತೆ. ಬರೆದದ್ದನ್ನ ಎಚ್‌ಟಿಎಂಎಲ್ ಅನ್ನುವ ಬಾಲ ಹಚ್ಚಿ ಉಳಿಸಿ, ಅದರ ಮೇಲೆ ಎರಡು ಸಲ ಒತ್ತಿದರೆ ಪುಟ ತೆರೆಯುತ್ತೆ. ಇಂಟರ್‌ನೆಟ್ ಕೂಡ ಬೇಕಿಲ್ಲ. ಪುಟ ನಮ್ಮ ಕಂಪ್ಯೂಟರಿನಲ್ಲೇ ಇರುತ್ತೆ, ಬೇರೆ ಯಾರೂ ನೋಡೋದಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಕೆಲಸಕ್ಕೆ ಬರುತ್ತೆ.

ಇನ್ನೊಂದು ಸಂತೋಷದ ವಿಷಯ. ಕನ್ನಡ ಲಿಪಿ 1991ರಿಂದಲೇ ಯೂನಿಕೋಡ್‌ನಲ್ಲಿದೆ. ಹಾಗಾಗಿ ಪುಟದಲ್ಲಿ ಕನ್ನಡ ಬರೆಯೋದು ಮಾತ್ರವಲ್ಲ, ಜಾವಾಸ್ಕ್ರಿಪ್ಟ್ ಲೆಕ್ಕದಲ್ಲಿ ಅಳತೆಗಳಿಗೂ ಕನ್ನಡದ ಹೆಸರೇ ಇಡಬಹುದು. ಎದೆ, ತೋಳು, ಕುತ್ತಿಗೆ ಅಂತ ಬರೆದರೆ ಕಂಪ್ಯೂಟರ್ ಒಪ್ಪಿಕೊಳ್ಳುತ್ತೆ. ಡಬ್ಬಿ ಮೇಲೆ ಸಾಸಿವೆ, ಜೀರಿಗೆ ಅಂತ ಚೀಟಿ ಅಂಟಿಸ್ತೀವಲ್ಲ, ಹಾಗೆ. “ಆದರೆ”, “ಮತ್ತೆ ಮತ್ತೆ” ಅನ್ನೋ ಹತ್ತು ಹನ್ನೆರಡು ಆಜ್ಞೆಗಳು ಮಾತ್ರ ಇಂಗ್ಲಿಷಿನಲ್ಲಿರಬೇಕು, ಅಂಕಿಗಳೂ ಇಂಗ್ಲಿಷಿನವೇ ಆಗಬೇಕು. ಅಷ್ಟು ಇಂಗ್ಲಿಷ್ ಟಿ.ವಿ. ರಿಮೋಟಿನ ಮೇಲೂ ಇರುತ್ತೆ ಬಿಡಿ.

ಮೊದಲ ಪಾಠ: ಚುಕ್ಕಿ ರಂಗೋಲಿ

ಪತ್ರಿಕೆಯಲ್ಲಿ ರಂಗೋಲಿ ಹಾಕಿ ಕೆಳಗೆ “13ರಿಂದ 7, ಮಧ್ಯ ಚುಕ್ಕಿ” ಅಂತ ಅಚ್ಚು ಮಾಡಿರ್ತಾರೆ. ನಮಗೆ ಅಷ್ಟು ಸಾಕು. ನಡುವಿನ ಸಾಲಿನಲ್ಲಿ 13 ಚುಕ್ಕಿ, ಮೇಲೆ ಕೆಳಗೆ ಒಂದೊಂದು ಕಡಿಮೆ ಮಾಡ್ತಾ 7ಕ್ಕೆ ನಿಲ್ಲಿಸಬೇಕು, ಪ್ರತಿ ಚುಕ್ಕಿ ಹಿಂದಿನ ಸಾಲಿನ ಎರಡು ಚುಕ್ಕಿಯ ಸಂದಿಗೆ ಬರಬೇಕು. ಒಟ್ಟು 13 ಸಾಲು, 127 ಚುಕ್ಕಿ. ಇದನ್ನೇ ಚಿಕ್ಕದು ಮಾಡಿ 7ರಿಂದ 4 ಅಂದರೆ 7 ಸಾಲು, 37 ಚುಕ್ಕಿ.

ಇಲ್ಲಿ ಗಮನಿಸಿ. ನಡುವಿನ ಸಾಲು ಎಷ್ಟು ಅನ್ನೋ ಒಂದೇ ಅಂಕಿಯಿಂದ ಉಳಿದದ್ದೆಲ್ಲಾ ಹುಟ್ಟುತ್ತೆ. ಆ ಅಂಕಿಗೆ ಪ್ಯಾರಾಮೀಟರ್ ಅಂತ ಹೆಸರು. ಅಂಕಿ ಬದಲಾಯಿಸಿದರೆ ಇಡೀ ಚಿತ್ರ ಹೊಸದಾಗಿ ಬರುವ ಹಾಗೆ ಬರೆಯೋದಕ್ಕೆ ಪ್ಯಾರಾಮೆಟ್ರಿಕ್ ವಿನ್ಯಾಸ ಅಂತಾರೆ. ಜಾವಾಸ್ಕ್ರಿಪ್ಟ್‌ನಲ್ಲಿ “ಸಾಲು ಮುಗಿಯೋವರೆಗೂ ಚುಕ್ಕಿ ಇಡು, ಸಾಲುಗಳು ಮುಗಿಯೋವರೆಗೂ ಇದನ್ನೇ ಮಾಡು” ಅಂತ ಎರಡು ಆವರ್ತನೆ ಬರೆದರೆ ಸಾಕು. 127 ಚುಕ್ಕಿ ಕಣ್ಣು ಮಿಟುಕಿಸೋದರಲ್ಲಿ ಪರದೆ ಮೇಲೆ ನಿಲ್ಲುತ್ತವೆ.

ಇದೇನು ಮಕ್ಕಳಾಟ ಅಂತ ನಗಬೇಡಿ. ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ, ರಾಣಿ ಸಿರೊಮನಿ ಅವರು ಕಮಲಾ ಕೃತಿವಾಸನ್ ಜೊತೆ ಸೇರಿ 1974ರಲ್ಲಿ ತಮಿಳು ಹೆಂಗಸರ ಕೋಲದ ಬಗ್ಗೆ ಕಂಪ್ಯೂಟರ್ ವಿಜ್ಞಾನದ ಪ್ರಬಂಧವನ್ನೇ ಪ್ರಕಟಿಸಿದರು. ಭಾಷೆಗೆ ವ್ಯಾಕರಣ ಇರೋ ಹಾಗೆ ಬಾಗಿಲ ಮುಂದಿನ ಚಿತ್ರಕ್ಕೂ ವ್ಯಾಕರಣ ಇದೆ ಅಂತ ತೋರಿಸಿದ ಕೆಲಸ ಅದು. ನಮ್ಮ ಅಜ್ಜಿಯರು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದದ್ದು ವಿದ್ವಾಂಸರಿಗೂ ವಿದ್ಯೆಯೇ ಆಗಿತ್ತು.

ಎರಡನೇ ಪಾಠ: ಬಳೆಯ ಲೆಕ್ಕ

ಪರದೆ ಮೇಲೆ ಗಟ್ಟಿ ವಸ್ತು ರೂಪಿಸೋದಕ್ಕೆ ಓಪನ್‌ಸ್ಕ್ಯಾಡ್ ಅನ್ನುವ ಉಚಿತ ತಂತ್ರಾಂಶವಿದೆ. ಇದರಲ್ಲಿ ಮೌಸ್ ಹಿಡಿದು ಎಳೆಯೋದಿಲ್ಲ, ಬರೆದು ಹೇಳಬೇಕು. ಬಳೆಗೆ ಹೇಳಬೇಕಾದ್ದು ಇಷ್ಟೇ: ಒಂದು ದೊಡ್ಡ ಉರುಳೆ ಮಾಡು, ಅದರೊಳಗಿಂದ ಸಣ್ಣ ಉರುಳೆಯನ್ನು ಕಳೆ. ಕಳೆಯುವ ಉರುಳೆ ಎರಡೂ ಕಡೆ ಸ್ವಲ್ಪ ಹೊರಗೆ ಚಾಚಿರಬೇಕು. ಉದ್ದಿನ ವಡೆಗೆ ತೂತು ಮಾಡುವ ಬೆರಳು ಆಚೆಗೂ ದಾಟಿದರೇ ತೂತು ಸರಿಯಾಗಿ ಬರೋದು, ಹಾಗೆ.

ಅಳತೆಗೆ ಬರೋಣ. ಬಳೆ ಅಂಗಡಿಯಲ್ಲಿ ಎರಡು-ನಾಲ್ಕು, ಎರಡು-ಆರು, ಎರಡು-ಎಂಟು ಅಂತ ಕೇಳ್ತೀವಿ. ಇದರ ಅರ್ಥ ಎಷ್ಟು ಜನಕ್ಕೆ ಗೊತ್ತು? ಮೊದಲಿನ ಎರಡು ಅಂದರೆ ಎರಡು ಇಂಚು, ಆಮೇಲಿನ ಅಂಕಿ ಇಂಚಿನ ಹದಿನಾರನೇ ಭಾಗಗಳು. ಬಳೆಯ ಒಳ ಅಗಲ ಹೀಗೆ ಬರುತ್ತೆ:

2-4 ಅಂದರೆ ಎರಡೂಕಾಲು ಇಂಚು, 57.15 ಮಿಲಿಮೀಟರ್.
2-6 ಅಂದರೆ 60.3 ಮಿಲಿಮೀಟರ್.
2-8 ಅಂದರೆ ಎರಡೂವರೆ ಇಂಚು, 63.5 ಮಿಲಿಮೀಟರ್.
2-10 ಅಂದರೆ 66.7 ಮಿಲಿಮೀಟರ್.

ಚುಕ್ಕಿ ಇಟ್ಟು 2.10 ಅಂತ ಬರೆದರೆ ಕಂಪ್ಯೂಟರ್ ಅದನ್ನು 2.1 ಅಂದುಕೊಂಡು 2.4ಕ್ಕಿಂತ ಸಣ್ಣ ಬಳೆ ಮಾಡುತ್ತೆ! ಬಳೆಗಾರ ಹಾಗೆ ತಿಳಿಯೋದಿಲ್ಲ. ಅದಕ್ಕೇ ಎರಡು ಅಂಕಿಯನ್ನು ಬೇರೆ ಬೇರೆಯಾಗಿ ಕೊಡಬೇಕು. ಎರಡನೆಯದನ್ನು 16ರಿಂದ ಭಾಗಿಸಿ, ಮೊದಲನೆಯದಕ್ಕೆ ಕೂಡಿಸಿ, 25.4ರಿಂದ ಗುಣಿಸಿದರೆ ಮಿಲಿಮೀಟರ್ ಸಿಗುತ್ತೆ. ಕಂಪ್ಯೂಟರಿಗೆ ವಾಡಿಕೆ ಗೊತ್ತಿಲ್ಲ, ಬಿಡಿಸಿ ಹೇಳಬೇಕು ಅನ್ನೋದು ಇಲ್ಲಿ ಚೆನ್ನಾಗಿ ಅರ್ಥವಾಗುತ್ತೆ. ಓಪನ್‌ಸ್ಕ್ಯಾಡ್‌ನಲ್ಲಿ ಹೆಸರುಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಅಚ್ಚು ಹಾಕಿಸದಿದ್ದರೂ ಬಳೆಯನ್ನು ಪರದೆ ಮೇಲೆ ತಿರುಗಿಸಿ ನೋಡೋದೇ ಒಂದು ಸಂಭ್ರಮ.

ಮೂರನೇ ಪಾಠ: ರವಿಕೆ

ಹೊಲಿಗೆ ಬಲ್ಲವರಿಗೆ ಇದು ಹೊಸದಲ್ಲ. ಎದೆ ಸುತ್ತಳತೆ 36 ಇದ್ದರೆ ಮುಂಭಾಗದ ಅರ್ಧಕ್ಕೆ ಅದರ ಕಾಲುಭಾಗ, 9 ಇಂಚು, ಮೇಲೆ ಹೊಲಿಗೆಗೆ ಬಿಡುವ ಬಟ್ಟೆ. ಕಂಕುಳ ಆಳಕ್ಕೆ ಎರಡು ಲೆಕ್ಕ ಬಳಕೆಯಲ್ಲಿವೆ. ಕೆಲವರು ಎದೆಯ ಆರನೇ ಒಂದು ಭಾಗ ತಗೋತಾರೆ, ಕೆಲವರು ಎಂಟನೇ ಒಂದು ಭಾಗಕ್ಕೆ ಒಂದೂವರೆ ಇಂಚು ಸೇರಿಸ್ತಾರೆ. ಎರಡನ್ನೂ ಒಂದೇ ಪುಟದಲ್ಲಿ ಬರೆದು ಅಳತೆ ಬದಲಾಯಿಸಿ ನೋಡಿ. 36ಕ್ಕೆ ಎರಡರಲ್ಲೂ ಸರಿಯಾಗಿ 6 ಇಂಚು. 28ಕ್ಕೆ ಬಂದರೆ ಮೊದಲ ಲೆಕ್ಕದಲ್ಲಿ 4.67, ಎರಡನೆಯದರಲ್ಲಿ 5. 44ಕ್ಕೆ ಹೋದರೆ 7.33 ಮತ್ತು 7. ನಡುವಿನ ಮೈಕಟ್ಟಿಗೆ ಯಾವ ಲೆಕ್ಕವಾದರೂ ಸರಿ. ತೀರಾ ತೆಳ್ಳಗಿರುವವರಿಗೂ ದಪ್ಪಗಿರುವವರಿಗೂ ಲೆಕ್ಕ ಬೇರೆಯಾಗುತ್ತೆ. “ನನಗೆ ಮಾತ್ರ ಯಾವ ಟೈಲರ್ ಹೊಲಿದರೂ ಕಂಕುಳಲ್ಲಿ ಹಿಡಿಯುತ್ತೆ” ಅಂತ ಎಷ್ಟೋ ಹೆಂಗಸರು ತಮ್ಮ ಮೈಯನ್ನೇ ಬೈದುಕೊಳ್ತಾರೆ. ಮೈಯಲ್ಲಿ ತಪ್ಪಿಲ್ಲ, ಲೆಕ್ಕ ಅವರಿಗಾಗಿ ಮಾಡಿದ್ದಲ್ಲ, ಅಷ್ಟೆ.

ನಮ್ಮ ಕಡೆಯ ಒಬ್ಬ ಸೋದರಿ ಸ್ತನ ಕ್ಯಾನ್ಸರ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದಿದ್ದರು. ಎಡಭಾಗ ತೆಗೆದಿದ್ದರು. ಹಳೇ ರವಿಕೆಗಳೆಲ್ಲಾ ಒಂದು ಕಡೆ ಜೋತು ಬೀಳೋವು, ಇನ್ನೊಂದು ಕಡೆ ಬಿಗಿಯೋವು. ಸೆರಗು ಎಳೆದೆಳೆದು ಹೊದ್ದುಕೊಂಡು, ಕೊನೆಗೆ ಮದುವೆ ಮುಂಜಿಗೆ ಹೋಗೋದನ್ನೇ ಬಿಟ್ಟಿದ್ದರು. ಯಾರೂ ಇಲ್ಲದ ಹೊತ್ತು ನೋಡಿ ಬಟ್ಟೆ ತಂದುಕೊಟ್ಟರು. ಅಳೆದಾಗ ಬೆನ್ನು 17 ಇಂಚು, ಮುಂದೆ ನಡುವಿನಿಂದ ಬಲ ಪಕ್ಕಕ್ಕೆ 9¼, ಎಡ ಪಕ್ಕಕ್ಕೆ 7¾. ಒಟ್ಟು 34. ಕಾಲುಭಾಗದ ಲೆಕ್ಕ ಹಿಡಿದರೆ ಎರಡು ಕಡೆಗೂ 8½ ಬರುತ್ತೆ. ಅದು ಬಲಕ್ಕೆ ಮುಕ್ಕಾಲಿಂಚು ಬಿಗಿ, ಎಡಕ್ಕೆ ಮುಕ್ಕಾಲಿಂಚು ಸಡಿಲ. ಟೇಪು ಸುತ್ತಿದರೆ 34 ಅನ್ನೋದು ನಿಜವೇ, ಆದರೆ 8½ ಅನ್ನೋದು ಅವರ ಮೈಯ ಮುಂಭಾಗದಲ್ಲಿ ಎಲ್ಲೂ ಇರಲಿಲ್ಲ.

ಪುಟದಲ್ಲಿ “ಎದೆ” ಅಂತ ಇದ್ದ ಒಂದು ಜಾಗದ ಬದಲು “ಎಡ”, “ಬಲ”, “ಬೆನ್ನು” ಅಂತ ಮೂರು ಮಾಡಿದೆ. ತೋಳಿಗೂ ಹಾಗೇ ಎರಡು. ಈ ಶಸ್ತ್ರಚಿಕಿತ್ಸೆ ಆದವರಲ್ಲಿ ಕೆಲವರಿಗೆ ಆ ಕಡೆಯ ಕೈ ಊದಿಕೊಳ್ಳುತ್ತೆ, ಬಿಗಿ ತೋಳು ಒಳ್ಳೆಯದಲ್ಲ. ಹೊಲಿದ ರವಿಕೆ ತೊಟ್ಟು ಅವರು ಕನ್ನಡಿ ಮುಂದೆ ಬಹಳ ಹೊತ್ತು ನಿಂತಿದ್ದರು. ಏನೂ ಹೇಳಲಿಲ್ಲ. ಎರಡು ತಿಂಗಳ ಮೇಲೆ ಮೈ ಸ್ವಲ್ಪ ಕೈಗೂಡಿ ಅಳತೆ ಬದಲಾಯ್ತು. ಹೊಸದಾಗಿ ನಕಾಸೆ ಬರೆಯಬೇಕಾಗಲಿಲ್ಲ, ಅಂಕಿ ಬದಲಾಯಿಸಿದರೆ ನಕಾಸೆ ತಾನೇ ಬದಲಾಯ್ತು. ಅವರ ಅಳತೆ ನನ್ನ ಕಂಪ್ಯೂಟರ್ ಬಿಟ್ಟು ಎಲ್ಲಿಗೂ ಹೋಗಿಲ್ಲ. ಇಂಟರ್‌ನೆಟ್ ಬೇಕಿಲ್ಲ ಅಂತ ಮೊದಲೇ ಹೇಳಿದ್ದು ಇದಕ್ಕೇ.

ಇದೇ ದಾರಿಯಲ್ಲಿ ದೊಡ್ಡ ಕೆಲಸ ಮಾಡಿದವರೂ ಇದ್ದಾರೆ. ಬೆಲ್ಜಿಯಂನ ಯೋಸ್ಟ್ ಡೆ ಕಾಕ್ ಆರಂಭಿಸಿದ ಫ್ರೀಸೋಯಿಂಗ್ ಅನ್ನೋ ಮುಕ್ತ ತಂತ್ರಾಂಶ ಪೂರ್ತಿ ಜಾವಾಸ್ಕ್ರಿಪ್ಟ್‌ನಲ್ಲಿದೆ. ನಮ್ಮ ಅಳತೆ ಕೊಟ್ಟರೆ ಉಡುಪಿನ ನಕಾಸೆ ಬರೆದುಕೊಡುತ್ತೆ.

ಶುರು ಮಾಡುವವರಿಗೆ ಕೆಲವು ಸೂಚನೆಗಳು

* ಮುಂಬಯಿಯ ಐಐಟಿಯಲ್ಲಿ ಶುರುವಾದ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಉಚಿತ ತಂತ್ರಾಂಶಗಳ ಪಾಠಗಳಿವೆ, ಹಲವು ಪಾಠಗಳು ಕನ್ನಡದ ಧ್ವನಿಯಲ್ಲೂ ಸಿಗುತ್ತವೆ. ಒಂದು ಪಾಠ ನೋಡಿ, ನಿಲ್ಲಿಸಿ, ಅದನ್ನೇ ನೀವು ಬರೆಯಿರಿ. ಬರೀ ನೋಡಿದರೆ ಅಡುಗೆ ಕಾರ್ಯಕ್ರಮ ನೋಡಿ ಹೊಟ್ಟೆ ತುಂಬಿಸಿಕೊಂಡ ಹಾಗೆ.

* ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಅಂದರೆ ಅರಿವು ಕೇಂದ್ರದಲ್ಲಿ ವಿಚಾರಿಸಿ. ಎಷ್ಟೋ ಕಡೆ ಕಂಪ್ಯೂಟರ್ ಇಟ್ಟಿದ್ದಾರೆ.

* ಎಚ್‌ಟಿಎಂಎಲ್‌ನಲ್ಲಿ ಒಂದು ಗುರುತು ಬಿಟ್ಟರೂ ಬ್ರೌಸರ್ ಹೇಗೋ ಸುಧಾರಿಸಿಕೊಳ್ಳುತ್ತೆ. ಜಾವಾಸ್ಕ್ರಿಪ್ಟ್ ಹಾಗಲ್ಲ, ಒಂದು ಆವರಣ ಚಿಹ್ನೆ ಬಿಟ್ಟುಹೋದರೆ ಪೂರ್ತಿ ನಿಂತುಬಿಡುತ್ತೆ. ಹೆದರಬೇಡಿ, ತಪ್ಪು ಎಷ್ಟನೇ ಸಾಲಿನಲ್ಲಿದೆ ಅಂತ ಬ್ರೌಸರಿನ ಕನ್ಸೋಲ್ ಹೇಳುತ್ತೆ. ಆ ಸಾಲನ್ನೂ ಅದರ ಮೇಲಿನ ಸಾಲನ್ನೂ ನೋಡಿ.

* ಒಂದೇ ಸಲ ಪೂರ್ತಿ ಬರೆಯಬೇಡಿ. ಎರಡು ಸಾಲು ಬರೆದು ಓಡಿಸಿ ನೋಡಿ, ಆಮೇಲೆ ಮುಂದಿನದು. ಒಗ್ಗರಣೆಗೆ ಮುಂಚೆ ಉಪ್ಪು ನೋಡೋ ಹಾಗೆ.

* ನಕಾಸೆಯ ಮೂಲೆಯಲ್ಲಿ ಎರಡು ಇಂಚಿನ ಚೌಕ ಒಂದನ್ನು ಬರೆದಿಡಿ. ಮುದ್ರಿಸಿದ ಮೇಲೆ ಟೇಪಿನಿಂದ ಅಳೆದು ನೋಡಿ. ಮುದ್ರಣಯಂತ್ರ ಹಾಳೆಗೆ ಹೊಂದಿಸಲು ಚಿತ್ರವನ್ನು ಕುಗ್ಗಿಸಿಬಿಡೋದು ಉಂಟು. ಚೌಕ ಸರಿಯಿಲ್ಲದಿದ್ದರೆ ಬಟ್ಟೆಗೆ ಕತ್ತರಿ ಹಾಕಬೇಡಿ. ಶೇಕಡಾ 100 ಅಂತ ಗುರುತು ಮಾಡಿ ಮತ್ತೆ ಮುದ್ರಿಸಿ.

* ಸಾಲಿನ ಪಕ್ಕದಲ್ಲಿ “ಇದು ಕಂಕುಳ ಲೆಕ್ಕ” ಅಂತ ಕನ್ನಡದಲ್ಲಿ ಟಿಪ್ಪಣಿ ಬರೆದಿಡಿ. ಟಿಪ್ಪಣಿಯ ಮುಂದೆ ಎರಡು ಓರೆಗೆರೆ ಹಾಕಿದರೆ ಕಂಪ್ಯೂಟರ್ ಅದನ್ನು ಓದೋದಿಲ್ಲ. ಆರು ತಿಂಗಳ ಮೇಲೆ ನೀವು ಓದ್ತೀರಿ.

ಕಲಿತು ಕೆಲಸಕ್ಕೆ ಸೇರಬೇಕು, ಸಂಬಳ ತರಬೇಕು ಅಂತೇನಿಲ್ಲ. ಸೇರುವವರು ಸೇರಲಿ, ಸಂತೋಷ. ಆದರೆ ಅಮ್ಮನ ಕೈಯಳತೆ, ಅತ್ತೆಯ ಹೊಲಿಗೆಯ ಲೆಕ್ಕ, ಅಜ್ಜಿಯ ರಂಗೋಲಿ ಎಲ್ಲಾ ಅವರ ಜೊತೆಗೇ ಹೋಗಿಬಿಡ್ತವೆ. ಕೇಳಿದರೆ “ಅಂದಾಜು ಕಣೇ” ಅಂತಾರೆ. ಆ ಅಂದಾಜಿನ ಒಳಗಿರೋ ಲೆಕ್ಕವನ್ನ ಬಿಡಿಸಿ ಬರೆದಿಟ್ಟರೆ ಮಕ್ಕಳು ತಮ್ಮ ಅಳತೆಗೆ ಅದನ್ನು ಬಳಸಿಕೊಳ್ಳಬಹುದು. ನಾಳೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಏಳು ಚುಕ್ಕಿಯಿಂದ ಶುರು ಮಾಡಿ ನೋಡಿ.