ಮೇಷ್ಟ್ರಿಗೆ ಪಾಠ ಹೇಳುವವರಿಗೂ ಒಂದು ದಿನವಹಿ ಬೇಕು

"ಮೇಷ್ಟ್ರಿಗೂ ಮೇಷ್ಟ್ರು ಇರ್ತಾರಾ ಸ್ವಾಮಿ?" ಹಿಂದೂಪುರದ ಬೆಲ್ಲದ ವ್ಯಾಪಾರಿಯೊಬ್ಬರು ನನ್ನನ್ನು ಕೇಳಿದರು. ಇರ್ತಾರೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ನಂತರ ಜಿಲ್ಲೆಗೊಂದರಂತೆ ಶಿಕ್ಷಕರ ತರಬೇತಿ ಸಂಸ್ಥೆಗಳು ಬಂದವು, ಜನ 'ಡಯಟ್' ಎನ್ನುತ್ತಾರೆ. ಅನಂತಪುರ ಜಿಲ್ಲೆಗೆ ಅದು ಬುಕ್ಕಪಟ್ಟಣದಲ್ಲಿ ಬಂತು. 2022ರಲ್ಲಿ ಜಿಲ್ಲೆ ಒಡೆದು ಹಿಂದೂಪುರ, ಮಡಕಶಿರಾ, ಬುಕ್ಕಪಟ್ಟಣ ಮೂರೂ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋದವು. ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು.

ನಮ್ಮ ಸೀಮೆಯ ತೊಡಕೇ ಬೇರೆ. ಮಡಕಶಿರಾ, ಅಮರಾಪುರ, ರಾಯದುರ್ಗದ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಪಾಠ ಆಂಧ್ರದ್ದು, ಅಕ್ಷರ ಕನ್ನಡದ್ದು, ಮಗುವಿನ ಬಾಯಲ್ಲಿ ಎರಡೂ ಬೆರೆತ ಮಾತು. ಸಂತೆಯಲ್ಲಿ ಅದೇ ಬೆರಕೆ ಮಾತಿನಲ್ಲಿ ನಾವು ಕಡ್ಲೆಕಾಯಿ ವ್ಯಾಪಾರ ಮುಗಿಸಿಬಿಡ್ತೀವಿ. ಎರಡು ಮೂರು ಕ್ಲಾಸನ್ನು ಒಟ್ಟಿಗೆ ಕೂರಿಸಿಕೊಂಡ ಒಬ್ಬರೇ ಮೇಷ್ಟ್ರಿಗೆ ಅದು ಅಷ್ಟು ಸಲೀಸಲ್ಲ. ಅವರಿಗೆ ತರಬೇತಿ ಕೊಡುವವರು ಅಂಥ ಕೊಠಡಿಯಲ್ಲಿ ಒಂದು ವಾರವಾದರೂ ನಿಂತು ಪಾಠ ಮಾಡಿರಬೇಕಲ್ಲವೇ? ನಾನು ಕೂತು ನೋಡಿದ ಒಂದು ಶಿಬಿರದಲ್ಲಿ ಮೂರು ದಿನವೂ ಪುಸ್ತಕ ಓದಿ ಹೇಳಿದರು, ಅದೂ ತೆಲುಗಿನಲ್ಲಿ. ಕೊನೆಗೆ 'ತೃಪ್ತಿಯಾಯಿತೇ?' ಎಂಬ ಕಾಗದ ಹಂಚಿದರು. ಎಲ್ಲರೂ 'ಹೌದು' ಗೀಚಿ ಬಸ್ಸು ಹಿಡಿದರು.

ವ್ಯಾಪಾರಸ್ಥರು ಅಂಗಡಿ ಬಾಗಿಲು ಹಾಕುವ ಮುಂಚೆ ದಿನವಹಿ ಬರೆಯುತ್ತಾರೆ, ತೆಲುಗಿನವರು ಚಿಟ್ಟಾ ಅನ್ನುತ್ತಾರೆ. ತರಬೇತಿ ಕೊಡುವವರಿಗೂ ಅಂಥದೊಂದು ಬೇಕು. ಇವತ್ತು ಯಾವ ಮಾತಿಗೆ ಮೇಷ್ಟ್ರುಗಳು ಸುಮ್ಮನಾದರು? ನಾನು ಹೇಳಿದ ಆಟ ಶಾಲೆಯಲ್ಲಿ ನಡೆಯಿತೇ, ಕೆಟ್ಟಿತೇ? ಕೆಟ್ಟಿದ್ದರೆ ಯಾಕೆ? ಶಿಕ್ಷಕ ಶಿಕ್ಷಣಕ್ಕೆಂದು 2009ರಲ್ಲಿ ಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ತಮ್ಮ ಕೆಲಸವನ್ನು ತಾವೇ ತಿರುಗಿ ನೋಡಿಕೊಳ್ಳುವುದಕ್ಕೆ ಒತ್ತು ಕೊಟ್ಟಿತು. 2020ರ ನೀತಿ ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆ ತರಬೇತಿ ಎಂದಿದೆ. ಗಂಟೆ ಎಣಿಸೋದೇನೋ ಸುಲಭ.

ಗಡಿ ದಾಟಿ ಕಲಿತ ಉದಾಹರಣೆಯೂ ನಮ್ಮ ಮುಂದಿದೆ. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯ ಮೇಷ್ಟ್ರುಗಳು ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಬಂದರು. ಅಲ್ಲಿ ಹಳ್ಳಿಯ ಸಣ್ಣ ಶಾಲೆಗಳಲ್ಲಿ ಕಾರ್ಡುಗಳನ್ನಿಟ್ಟುಕೊಂಡು ಬೇರೆ ಬೇರೆ ಮಟ್ಟದ ಮಕ್ಕಳಿಗೆ ಒಟ್ಟಿಗೆ ಕಲಿಸುವುದನ್ನು ಕಣ್ಣಾರೆ ಕಂಡರು. ವಾಪಸು ಹೋಗಿ, ಯುನಿಸೆಫ್ ನೆರವಿನಲ್ಲಿ, ಕನ್ನಡಕ್ಕೆ ಒಗ್ಗಿಸಿಕೊಂಡರು. ಅದೇ ನಲಿ-ಕಲಿ. 2009-10ರಲ್ಲಿ ಅದು ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹೋಯಿತು. ಅಷ್ಟು ದೊಡ್ಡದಾದ ಮೇಲೆ ಮೊದಲಿನ ಹುಮ್ಮಸ್ಸು ಉಳಿಯಿತೇ ಅನ್ನೋದು ಬೇರೆ ಮಾತು. ಆದರೆ ಶುರು ಮಾಡಿದವರು ನೋಡಿ ಬಂದು, ಮಾಡಿ ನೋಡಿದವರು.

ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಪಾವಗಡದ ಮೇಲೆ ಹೋದರೆ ನಡುವೆ ಕರ್ನಾಟಕ ಬಂದು ಹೋಗುತ್ತದೆ. ಈ ಕಡೆಯ ತರಬೇತುದಾರರು ಪಾವಗಡದ ನಲಿ-ಕಲಿ ತರಗತಿಯಲ್ಲಿ, ಆ ಕಡೆಯವರು ಮಡಕಶಿರಾದ ಕನ್ನಡ ಶಾಲೆಯಲ್ಲಿ ನಾಲ್ಕು ದಿನ ಕೂರಲಿ. ಶಾಲಾ ಸಮಿತಿಯಲ್ಲಿರುವ ರೈತರು, ವರ್ತಕರು ಮುಂದಿನ ಸಭೆಯಲ್ಲಿ ಕೇಳಬಹುದು: ಟ್ರೈನಿಂಗ್ ಕೊಟ್ಟ ಸಾರ್ ನಮ್ಮ ಶಾಲೆಗೆ ಯಾವತ್ತು ಬರ್ತಾರೆ?