ಕೆಮಿಸ್ಟ್ರಿಗೆ ಟ್ಯೂಷನ್: ಎಲ್ಲಿ ತಪ್ಪಿತೆಂದು ಮೊದಲು ಹುಡುಕೋಣ

2024ರ ಏಪ್ರಿಲ್ 10. ಕರಾವಳಿಯಲ್ಲಿ ಅಂದು ಪೆರ್ನಾಲ್. ನಾವು ಮದ್ರಸದಲ್ಲಿ ಕಲಿಸುವುದು ಕನಕಪುರ ತಾಲೂಕಿನ ಉಯ್ಯಂಬಳ್ಳಿಯಲ್ಲಿ. ಅಲ್ಲಿ ಹಬ್ಬ ಮರುದಿನ. ದ್ವಿತೀಯ ಪಿಯುಸಿ ಫಲಿತಾಂಶ ಬಂದದ್ದೂ ಅದೇ ದಿನ. ಅಸರ್ ನಮಾಝ್ ಮುಗಿಸಿ ಹೊರಗೆ ಬರುವಾಗ ರೇಷ್ಮೆ ಹುಳು ಸಾಕುವ ಒಬ್ಬರು ಮೆಟ್ಟಿಲ ಬಳಿ ಕಾಯುತ್ತಾ ನಿಂತಿದ್ದರು. ಊರಲ್ಲಿ ನಮ್ಮನ್ನು ಉಸ್ತಾದ್ ಎನ್ನುತ್ತಾರೆ, ಇಲ್ಲಿ ಹಜ್ರತ್.

"ಹಜ್ರತ್, ಮಗಳು ಕೆಮಿಸ್ಟ್ರೀಲಿ ಹೋಗ್ಬುಟ್ಳು. ಮಿಕ್ಕಿದ್ದೆಲ್ಲಾ ಪಾಸು. ಸಾಕು ಓದಿದ್ದು. ಹಬ್ಬ ಕಳೀಲಿ, ಬಂದಿರೋ ಸಂಬಂಧ ನೋಡ್ತೀನಿ."

ಒಂದೇ ವಿಷಯ ಹೋಗಿದ್ದಕ್ಕೆ ಹುಡುಗಿಯ ಓದೇ ನಿಲ್ಲುವ ಹಾಗಿತ್ತು. ಅವಳಿಗೆ ನರ್ಸಿಂಗ್ ಮಾಡುವ ಆಸೆ. ಆ ವರ್ಷದಿಂದಲೇ ಪಿಯು ಮಕ್ಕಳಿಗೆ ಮೂರು ಪರೀಕ್ಷೆ ಬರೆಯುವ ಅವಕಾಶ ಬಂದಿತ್ತು. ಎರಡನೆಯದು ಏಪ್ರಿಲ್ 29ಕ್ಕೆ ಶುರು, ಮೂರನೆಯದು ಜೂನ್ 24ಕ್ಕೆ. "ಈ ಎರಡು ಪರೀಕ್ಷೆ ಮುಗಿಯುವ ತನಕ ಸಂಬಂಧದ ಮಾತು ಬೇಡ" ಎಂದು ಕೇಳಿಕೊಂಡೆವು. ಅವರು ಒಪ್ಪಿದರು. ಆದರೆ ಕಲಿಸುವವರು ಯಾರು? ನಾವೂ ಪಿಯುಸಿ ಓದಿದವರೇ, ಆದರೆ ಕಲಾ ವಿಭಾಗ. ಕೆಮಿಸ್ಟ್ರಿ ಪುಸ್ತಕ ತೆರೆದರೆ ನಮಗೂ ಕತ್ತಲೆ.

ಊರಲ್ಲೇ ಎಂಎಸ್ಸಿ ಮಾಡಿದ ಒಬ್ಬ ಮೇಡಂ ಇದ್ದರು. ಕೇಳಿದ ಕೂಡಲೇ ಒಪ್ಪಿದರು. ಶುಲ್ಕ ಎಷ್ಟೆಂದು ಮೊದಲೇ ಮಾತಾಡಿದೆವು, ಅದರಿಂದ ಆಮೇಲೆ ಎರಡೂ ಕಡೆ ಮುಜುಗರವಾಗಲಿಲ್ಲ. ಅಸರ್‌ನಿಂದ ಮಗ್ರಿಬ್ ತನಕ ಮದ್ರಸದ ಒಂದು ಕೋಣೆ ಬಿಟ್ಟುಕೊಟ್ಟೆವು. ಹುಡುಗಿಯ ತಾಯಿ ಜೊತೆಗೆ ಬಂದು ಕೂರುತ್ತಿದ್ದರು. ಬೆಳಿಗ್ಗೆ ಅಲಿಫ್, ಬಾ ಬರೆದ ಬೋರ್ಡಿನ ಮೇಲೆ ಸಂಜೆ ಸೂತ್ರಗಳು.

ಮೊದಲ ದಿನ ಮೇಡಂ ಪಾಠ ಮಾಡಲಿಲ್ಲ, ಬರೀ ಪ್ರಶ್ನೆ ಕೇಳಿದರು. ಕೊನೆಗೆ ನಮ್ಮ ಹತ್ರ ಹೇಳಿದರು: "ಇವಳು ತಪ್ಪಿರೋದು ಸೆಕೆಂಡ್ ಪಿಯುಸೀಲಿ ಅಲ್ಲ ಸಾರ್. ಫಸ್ಟ್ ಪಿಯುಸಿಯ ಮೊದಲನೇ ಪಾಠದಲ್ಲೇ ನಿಂತುಬಿಟ್ಟಿದ್ದಾಳೆ."

ಆ ಪಾಠದಲ್ಲಿ ಬರುವುದು ಮೋಲ್. ಹತ್ತನೇ ತರಗತಿ ತನಕ ಕನ್ನಡದಲ್ಲಿ ಆಮ್ಲ, ಪ್ರತ್ಯಾಮ್ಲ, ಪರಮಾಣು ಎಂದು ಓದಿದ ಮಗು ಕಾಲೇಜಿಗೆ ಬಂದಾಗ ಎಲ್ಲವೂ ಇಂಗ್ಲಿಷು. ಶಬ್ದ ಹುಡುಕುವಷ್ಟರಲ್ಲಿ ಪಾಠ ಮುಂದೆ ಹೋಗಿರ್ತದೆ. ಎದ್ದು ಕೇಳಲು ನಾಚಿಕೆ. ಮೋಲ್ ಗೊತ್ತಿಲ್ಲದವರಿಗೆ ದ್ರಾವಣಗಳ ಲೆಕ್ಕ ಬರುವುದಿಲ್ಲ, ವಿದ್ಯುತ್ ರಸಾಯನದ್ದೂ ಬರುವುದಿಲ್ಲ. ಆಗ ಉಳಿಯುವ ದಾರಿ ಬಾಯಿಪಾಠ ಒಂದೇ. ಪರೀಕ್ಷೆಯಲ್ಲಿ ಅಂಕಿ ಬದಲಾದರೆ ಅದೂ ಕೈಕೊಡ್ತದೆ.

ಮೇಡಂ ಮೋಲ್ ಹೇಳಿಕೊಟ್ಟದ್ದು ಹುಳು ಸಾಕಣೆಯ ಮಾತಿನಲ್ಲಿ. "ಅಪ್ಪ ನೂರು ಮೊಟ್ಟೆ ಮೇಯಿಸ್ತೀನಿ ಅಂದ್ರೆ ನೂರೇ ಹುಳುವಾ?" ಹುಡುಗಿ ನಕ್ಕಳು. ರೇಷ್ಮೆಯವರ ಲೆಕ್ಕದಲ್ಲಿ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ಸುಮಾರು 400ರಿಂದ 500. ಒಂದೊಂದಾಗಿ ಎಣಿಸಲು ಆಗದ್ದನ್ನು ಗುಂಪಾಗಿ ಎಣಿಸುವುದು. ಮೋಲ್ ಕೂಡ ಅಷ್ಟೇ, ಗುಂಪು ಮಾತ್ರ ಬಹಳ ದೊಡ್ಡದು: 6.022×10²³ ಕಣ. ನೀರಿನ ಅಷ್ಟು ಅಣು ಸೇರಿದರೆ ತೂಕ 18 ಗ್ರಾಂ.

ಶೇಕಡಾ ಲೆಕ್ಕಕ್ಕೂ ಹುಳುಮನೆಯೇ ಉದಾಹರಣೆ. ಸೋಂಕು ನಿವಾರಣೆಗೆ ರೈತರು ಸಿಂಪಡಿಸುವುದು 0.3% ಸುಣ್ಣದ ನೀರಿನಲ್ಲಿ 2% ಬ್ಲೀಚಿಂಗ್ ಪೌಡರ್. ನೂರು ಲೀಟರಿಗೆ ಎಷ್ಟು ಬೇಕು? ಪೌಡರ್ 2 ಕೆ.ಜಿ., ಸುಣ್ಣ 300 ಗ್ರಾಂ. ಹುಡುಗಿ ಬಾಯಲ್ಲೇ ಹೇಳಿದಳು. ಅಲ್ಲಿಂದ ಮೋಲಾರಿಟಿಗೆ ಬಂದರು. ಸೋಡಿಯಂ ಹೈಡ್ರಾಕ್ಸೈಡಿನ ಒಂದು ಮೋಲ್ 40 ಗ್ರಾಂ. ಹಾಗಾದರೆ 250 ಮಿ.ಲೀ. 0.1 ಮೋಲಾರ್ ದ್ರಾವಣಕ್ಕೆ ಎಷ್ಟು? ಎರಡು ಸಲ ತಪ್ಪಿ ಮೂರನೇ ಸಲ "ಒಂದು ಗ್ರಾಂ" ಎಂದಳು. ಅಷ್ಟು ಹೊತ್ತು ಸುಮ್ಮನಿದ್ದ ತಾಯಿ "ಇಷ್ಟೇನಾ!" ಎಂದರು.

ಏಪ್ರಿಲ್ ಪರೀಕ್ಷೆಯಲ್ಲಿ ಅವಳು ಪಾಸಾಗಲಿಲ್ಲ. ಅದನ್ನೂ ಹೇಳಲೇಬೇಕು. ಹತ್ತೊಂಬತ್ತು ದಿನದಲ್ಲಿ ಎರಡು ವರ್ಷದ ಪಾಠ ತುಂಬಲು ಆಗುವುದಿಲ್ಲ. ತಂದೆಯ ಮುಖ ಸಣ್ಣದಾಯಿತು. ಆದರೆ ಅಂಕ ಏರಿತ್ತು, ಲೆಕ್ಕದ ಪ್ರಶ್ನೆಗಳಿಗೆ ಖಾಲಿ ಬಿಟ್ಟಿರಲಿಲ್ಲ. ಮೇಡಂ ಆ ಅಂಕಪಟ್ಟಿಯನ್ನೇ ಅವರಿಗೆ ತೋರಿಸಿದರು. ಜೂನ್ ಪರೀಕ್ಷೆಯಲ್ಲಿ ಹುಡುಗಿ ಪಾಸಾದಳು. ಈಗ ನರ್ಸಿಂಗ್ ಓದ್ತಾ ಇದ್ದಾಳೆ.

ಇದನ್ನು ಕರಾವಳಿಯ ನಮ್ಮ ಮನೆಗಳಿಗೆ ಯಾಕೆ ಹೇಳುತ್ತಿದ್ದೇವೆ ಎಂದರೆ, ನಮ್ಮಲ್ಲಿ ಟ್ಯೂಷನ್ ಎಂದರೆ ಒಂದೋ ಪ್ರತಿಷ್ಠೆ, ಇಲ್ಲವೇ ಅವಮಾನ. ಎರಡೂ ತಪ್ಪು. ಮಗು ಎಲ್ಲಿ ನಿಂತಿದೆ ಎಂದು ಗೊತ್ತಿಲ್ಲದೆ ದೊಡ್ಡ ಕೋಚಿಂಗಿಗೆ ಹಣ ಕಟ್ಟಿದರೆ, ಅಲ್ಲಿಯೂ ಅದು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರ್ತದೆ.

ನಮಗೆ ಆ ಮೇಡಂ ಕಲಿಸಿದ ಕೆಲವು ಮಾತು ಇಲ್ಲಿವೆ. ಮೊದಲನೆಯದು, ಫಲಿತಾಂಶ ಕಾಯಬೇಡಿ. ಪ್ರಥಮ ಪಿಯುಸಿಯ ಮೊದಲ ಕಿರುಪರೀಕ್ಷೆಯ ಉತ್ತರ ಪತ್ರಿಕೆ ನೋಡಿದರೆ ಸಾಕು, ಎಲ್ಲಿ ತೊಂದರೆ ಉಂಟು ಎಂದು ಗೊತ್ತಾಗ್ತದೆ. ಎರಡನೆಯದು, ಬರಿಗೈಯಲ್ಲಿ ಟ್ಯೂಷನಿಗೆ ಕಳಿಸಬೇಡಿ. ಮಗು ಲೆಕ್ಕವನ್ನು ತಾನೇ ಮಾಡಿ ನೋಡಲಿ, ಯಾವ ಸಾಲಿನಲ್ಲಿ ನಿಂತಿತೋ ಅಲ್ಲಿ ಗುರುತು ಹಾಕಿ ಒಯ್ಯಲಿ. ಮೂರನೆಯದು, ನೋಟ್ಸ್ ಹಂಚುವವರಿಗಿಂತ ಪ್ರಶ್ನೆ ಕೇಳುವವರನ್ನು ಹುಡುಕಿ. ನಾಲ್ಕನೆಯದು, ಕೆಮಿಸ್ಟ್ರಿಯಲ್ಲಿ ಬರವಣಿಗೆಗೆ 70 ಅಂಕವಾದರೆ ಪ್ರಾಯೋಗಿಕಕ್ಕೆ 30. ಆ 30ಕ್ಕೆ ಕಾಲೇಜಿನ ಲ್ಯಾಬಿನಲ್ಲಿ ಕೈಯಾಡಿಸಬೇಕು, ಟ್ಯೂಷನಿಗಾಗಿ ಲ್ಯಾಬ್ ತಪ್ಪಿಸಬಾರದು. ಹಣವಿಲ್ಲದವರು ತಿಳಿದಿರಲಿ: ಎನ್‌ಸಿಇಆರ್‌ಟಿ ಪುಸ್ತಕವೂ ಪರೀಕ್ಷಾ ಮಂಡಳಿಯ ಮಾದರಿ ಪ್ರಶ್ನೆಪತ್ರಿಕೆಯೂ ಮೊಬೈಲಿನಲ್ಲಿ ಉಚಿತವಾಗಿ ಸಿಗ್ತದೆ.

ಇನ್ನು ಜಮಾಅತಿನವರಿಗೆ ಒಂದು ಕೋರಿಕೆ. ನಮ್ಮ ಮೊಹಲ್ಲಾಗಳಲ್ಲಿ ಎಂಎಸ್ಸಿ, ಬಿಎಸ್ಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಎಷ್ಟೋ ಮಂದಿ ಇದ್ದಾರೆ. ಅವರಿಗೆ ಗೌರವದ ಸಂಬಳ ಕೊಟ್ಟು, ಸಂಜೆ ಖಾಲಿ ಇರುವ ಮದ್ರಸದ ಒಂದು ಕೋಣೆ, ಒಂದು ಬೋರ್ಡು, ಒಂದು ಟ್ಯೂಬ್‌ಲೈಟು ಒದಗಿಸಿ. ಕೆಮಿಸ್ಟ್ರಿಯಲ್ಲಿ ಹೋದ ಮಕ್ಕಳ ಮನೆಗೆ ಸಂಬಂಧ ಕೇಳಿಕೊಂಡು ಬರುವವರಿಗಿಂತ ಮೊದಲು ನಾವು ಹೋಗಿ ಬಾಗಿಲು ತಟ್ಟೋಣ.